ಪದಚರ್ಚೆ: ಕೆರೆ ದಂಡೆಯ ‘ಹೈಡ್’ಗೆ ಏನನ್ನೋಣ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಕೆರೆ ಪಕ್ಕದ ಪಕ್ಷಿಧಾಮಕ್ಕೆ ಬೋರ್ಡು ಬರೆಸುತ್ತಿದ್ದೇನೆ. ಚಳಿಗಾಲದ ವಲಸೆ ಹಕ್ಕಿ ನೋಡಲು ದಂಡೆಯಲ್ಲಿ ಹಲಗೆಯ ಪುಟ್ಟ ಗುಡಿಸಲು ಇರುತ್ತದಲ್ಲ, ಒಳಗೆ ಕತ್ತಲೆ, ಕೂತವರ ಕಣ್ಣಿನ ಮಟ್ಟಕ್ಕೆ ಉದ್ದಕ್ಕೂ ಒಂದು ಸೀಳುಕಿಂಡಿ. ಅದೇ ಹೈಡ್. ಬಾಣದ ಗುರುತಿನ ಪಕ್ಕ ಒಂದೆರಡು ಪದಕ್ಕಷ್ಟೇ ಜಾಗ. ‘ವೀಕ್ಷಣಾ ಗೋಪುರ’ ಆಗಲ್ಲ, ಅದು ಎತ್ತರದ್ದು. ‘ಅಡಗುತಾಣ’ ಅಂತ ಬರೆದೆ. ಓದಿದವರೊಬ್ಬರು ‘ಒಳಗೆ ಕಳ್ಳರು ಎಷ್ಟು ಜನ?’ ಅಂದರು. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾರೆ.

---

‘ಹೈಡ್’ ಅಂತಲೇ ಬರೀರಿ. ಬೋರ್ಡು, ಪೇಂಟರ್, ಅರ್ಜೆಂಟ್ ಎಲ್ಲ ಒಪ್ಪಿದ ಮೇಲೆ ಇದೊಂದಕ್ಕೆ ಯಾಕೆ ಗಲಾಟೆ?

---

ನಮ್ಮಲ್ಲಿ ಇಲ್ಲದ್ದನ್ನು ತರೋಣ, ಇರುವುದನ್ನು ಯಾಕೆ ಬಿಡೋಣ? ಪದ ಇದೆ: ಮರಸು. ಮಲೆನಾಡಿನ ಶಿಕಾರಿಯವರು ‘ಮರಸು ಕೂರೋದು’ ಅನ್ನುತ್ತಾರೆ. ಪ್ರಾಣಿ ಬರುವವರೆಗೂ ಸದ್ದಿಲ್ಲದೆ ಮರೆಯಲ್ಲಿ ಕಾಯುವುದು. ಮರದ ಮೇಲೆ ಕೂರುವುದರಿಂದ ಮರಸು ಅಂತ ಯಾರೂ ಹೇಳಬೇಡಿ ದಯವಿಟ್ಟು. ಮರದಲ್ಲಿರುವುದು ಸಾದಾ ರ. ಇದು ಹಳಗನ್ನಡದ ಬಂಡಿ ಱ: ಮಱೆ, ಮಱಸು. ಮರೆಯಾಗು, ಮರೆತುಹೋಗು ಎರಡರಲ್ಲೂ ಇದೇ ಱ. ಕಣ್ಣಿಂದ ಜಾರಿದ್ದು ಮರೆ, ಮನಸ್ಸಿಂದ ಜಾರಿದ್ದು ಮರೆವು. ಆ ಅಕ್ಷರ ಬಿಟ್ಟ ಮೇಲೆ ಎಲ್ಲ ಒಂದೇ ತರ ಕಾಣುತ್ತಿವೆ, ಅಷ್ಟಕ್ಕೆ ಮರ ಹತ್ತಬೇಕಿಲ್ಲ.

ಅಂದಹಾಗೆ, ಪಕ್ಷಿ ಬೇಡ, ಹಕ್ಕಿ ಅನ್ನಿ. ಬೈನಾಕ್ಯುಲರ್ ಬೇಡ, ದುರ್ಬೀನು ಅನ್ನಿ.

---

ಸಾರ್, ಪದ ಚೆನ್ನಾಗಿದೆ. ಆದರೆ ಪಕ್ಷಿಧಾಮದ ಬೋರ್ಡಿನಲ್ಲಿ ಬೇಟೆಯ ಪದವಾ?

---

ಇಂಗ್ಲಿಷಿನಲ್ಲಿ ಕೋವಿ ಹಿಡಿದವರೂ ಹೈಡ್ ಅಂತಲೇ ಅನ್ನುತ್ತಾರೆ. ಅದಕ್ಕೆ ಮೂಗು ಮುರಿಯದವರು ಮರಸಿಗೆ ಯಾಕೆ?

---

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಪದದ ಬುಡ ನನಗೆ ಗೊತ್ತಿಲ್ಲ, ಹೈಡಿನಲ್ಲಿ ಕೂತು ಗೊತ್ತು. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬಂದಿರುತ್ತದೆ. ನೀವು ದಂಡೆಯ ಮೇಲೆ ನೆಟ್ಟಗೆ ನಿಂತರೆ ಮೊದಲು ಒಂದು ಕತ್ತು ಮೇಲೇಳುತ್ತದೆ. ಆಮೇಲೆ ನಾಲ್ಕು. ಮೇಯುವುದು ನಿಲ್ಲುತ್ತದೆ. ಕಿಂಡಿಯಿಂದ ಕೈ ಆಚೆ ಹಾಕಿ ತೋರಿಸಿದಿರೋ, ಇಡೀ ಹಿಂಡು ಎದ್ದು ಹೋಯಿತು. ಮೈಯಲ್ಲಿ ಕೂಡಿಟ್ಟ ಕೊಬ್ಬು ಸುಮ್ನೆ ಖರ್ಚು. ಅದಕ್ಕೇ ಆ ಗುಡಿಸಲು. ಹಾಗಾಗಿ ಬರೀ ‘ಹಕ್ಕಿ ಮರೆ’ ಸಾಕಲ್ವಾ? ಇನ್ನೊಂದು ನೀರುಹಕ್ಕಿಗೆ ಹಣೆಯ ಬಿಳಿ ನೋಡಿ ನಾಮದಕೋಳಿ ಅಂತ ಹೆಸರಿಟ್ಟವರು ನಿಘಂಟು ತೆಗೆದಿರಲಿಲ್ಲ.

ಮತ್ತೆ, ದುರ್ಬೀನು ಪಾರಸಿ. ಹಕ್ಕಿ ಸಂಸ್ಕೃತದ ಪಕ್ಷಿಯ ತದ್ಭವ. ಮರಸು ಸಾರ್‌ಗೆ ತಿಳಿಸಿ.

---

ತಿಳಿದಿದೆ. ಪಕ್ಷಿ, ಪಕ್ಕಿ, ಹಕ್ಕಿ. ನಮ್ಮ ಬಾಯಲ್ಲಿ ಪಕಾರ ಹಕಾರವಾಗಿ ಶತಮಾನಗಳೇ ಆದವು. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಇಂಥ ತದ್ಭವಗಳಿಗೆ ಒಂದು ಪ್ರಕರಣವನ್ನೇ ಬರೆದಿದ್ದಾನೆ. ನಾಲಿಗೆ ಅರೆದು ತನ್ನದು ಮಾಡಿಕೊಂಡದ್ದು ಕನ್ನಡ. ‘ಹೈಡ್’ ಇನ್ನೂ ಕಚ್ಚಿದ್ದು ಮಾತ್ರ, ಅಗಿದಿಲ್ಲ.

ಇನ್ನು ‘ಹಕ್ಕಿ ಮರೆ’. ಜೋರಾಗಿ ಓದಿ ನೋಡಿ. ಕ್ಯಾಮೆರಾ ಹೊತ್ತು ಬಂದವನಿಗೆ ‘ಹಕ್ಕಿಯನ್ನ ಮರೆತುಬಿಡು, ಮನೆಗೆ ಹೋಗು’ ಅಂದ ಹಾಗಿದೆ.

---

ಇದು ನನಗೆ ಹೊಳೆದೇ ಇರಲಿಲ್ಲ! ಹಾಗಾದರೆ ‘ಹಕ್ಕಿ ಮರಸು’. ಕೆಳಗೆ ಸಣ್ಣ ಅಕ್ಷರದಲ್ಲಿ ‘ಸದ್ದಿಲ್ಲದೆ ಕೂತು ನೋಡಿ, ಕೈ ಆಚೆ ಹಾಕಬೇಡಿ’. ಪೇಂಟರ್‌ಗೆ ಈಗಲೇ ಕಳಿಸುತ್ತೇನೆ. ಥ್ಯಾಂಕ್ಸ್.

---

‘ಮರಸು’ ಸರಿ, ‘ಥ್ಯಾಂಕ್ಸ್’ ಯಾಕೆ?

---

ಆವರಣದಲ್ಲಿ ‘ಹೈಡ್’ ಅಂತಲೂ ಹಾಕಿಸಿ. ಇಲ್ಲಾಂದ್ರೆ ಜನ ಬಾಣದ ಕೆಳಗೆ ನಿಂತು ಇದೇ ಚರ್ಚೆ ಶುರು ಮಾಡುತ್ತಾರೆ.