ಕೆಪಾಸಿಟಿವ್ ಟಚ್ ಪರದೆ: ಮುಟ್ಟದ ಗುಂಡಿಯೂ ಒತ್ತಿದಂತೆ ದಾಖಲಾಗುತ್ತಿದೆ

ಮರಗೆತ್ತನೆ:
ನನ್ನ ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಕೆತ್ತನೆ) ಯಂತ್ರದ ನಿಯಂತ್ರಣ ಫಲಕದಲ್ಲಿದ್ದ ಹಳೆಯ ರೆಸಿಸ್ಟಿವ್ (ಒತ್ತಿದರೆ ಸ್ಪಂದಿಸುವ) ಪರದೆಯನ್ನು ತೆಗೆದು 7 ಇಂಚಿನ ಕೆಪಾಸಿಟಿವ್ (ಫೋನಿನದರಂತೆ ಬೆರಳಿನ ವಿದ್ಯುತ್ ಪ್ರಭಾವಕ್ಕೆ ಸ್ಪಂದಿಸುವ) ಪರದೆ ಹಾಕಿದಂದಿನಿಂದ ನೆಮ್ಮದಿಯಿಲ್ಲ. ಎಡಗಡೆಯ ಗುಂಡಿಯನ್ನು ಮುಟ್ಟಿದರೆ ಬಲಗಡೆಯದೂ ಒತ್ತಿದಂತೆ ದಾಖಲಾಗುತ್ತದೆ. ಸ್ಪಿಂಡಲ್ (ಕೆತ್ತುವ ಉಳಿಯನ್ನು ತಿರುಗಿಸುವ ಭಾಗ) ತಾನಾಗಿಯೇ ತಿರುಗಲು ತೊಡಗಿದರೆ ಗತಿಯೇನು? ಪರದೆಯನ್ನೇ ಬದಲಿಸಿದೆ, ಎರಡನೆಯದೂ ಹಾಗೆಯೇ ಮಾಡುತ್ತಿದೆ. ಹಳೆಯದು ಒಮ್ಮೆಯೂ ಹೀಗೆ ಕಾಡಿರಲಿಲ್ಲ.

ಬೆಸುಗೆಗೋಲು:
ಇದು ಕ್ಯಾಲಿಬ್ರೇಶನ್ ತೊಂದರೆ, ಅಂದರೆ ಮುಟ್ಟಿದ ಜಾಗಕ್ಕೂ ಪರದೆಯ ಚಿತ್ರಕ್ಕೂ ಹೊಂದಿಕೆ ತಪ್ಪಿದೆ. ಹಳೆಯ ಪರದೆಯಲ್ಲಿ ಸ್ಪರ್ಶವನ್ನು ಓದುವ ಎಕ್ಸ್‌ಪಿಟಿ2046 ಚಿಪ್ ಇದ್ದಿರಬೇಕು. ಅದು 0ಯಿಂದ 4095ರವರೆಗಿನ ಕಚ್ಚಾ ಅಂಕಿಗಳನ್ನು ಕೊಡುವುದರಿಂದ ಅವನ್ನು ಪಿಕ್ಸೆಲ್‌ಗಳಿಗೆ ನಾವೇ ಹೊಂದಿಸಬೇಕು. ಹೊಸದರಲ್ಲಿ ಜಿಟಿ911 ಚಿಪ್ ಇದ್ದರೆ ಅದು ಸ್ಥಾನವನ್ನೇ ಲೆಕ್ಕಹಾಕಿ ಕೊಡುತ್ತದೆ. ಹಳೆಯ ಸೂತ್ರ ಕೋಡಿನಲ್ಲಿ ಉಳಿದಿರಬೇಕು, ನೋಡಿ.

ಮರಗೆತ್ತನೆ:
ಚಿಪ್ ಜಿಟಿ911 ನಿಜ, ಆದರೆ ಹಳೆಯ ಕೋಡಿನ ಒಂದು ಸಾಲೂ ಉಳಿದಿಲ್ಲ. ಮುಟ್ಟಿದ ಗುಂಡಿ ಸರಿಯಾಗಿಯೇ ದಾಖಲಾಗುತ್ತದೆ. ಅದರ ಜೊತೆಗೆ ಮುಟ್ಟದ ಇನ್ನೊಂದೂ ದಾಖಲಾಗುವುದೇ ಸಮಸ್ಯೆ.

ಬೆಸುಗೆಗೋಲು:
ಆದರೂ ಎಕ್ಸ್ ಮತ್ತು ವೈ ಅಕ್ಷಗಳನ್ನು ಅದಲುಬದಲು ಮಾಡಿ ನೋಡಿ. ನಾನು ಕಂಡ ಇಂಥ ದೂರುಗಳಲ್ಲಿ ಹೆಚ್ಚಿನವು ಅಲ್ಲಿಯೇ ಬಗೆಹರಿದಿವೆ.

ಹಳೇಪರದೆ:
ಮರದ ಹೊಟ್ಟು ಹಾರುವ ಕಾರ್ಯಾಗಾರಕ್ಕೆ ಕೆಪಾಸಿಟಿವ್ ಪರದೆ ಯಾಕೆ ಬೇಕು? ರೆಸಿಸ್ಟಿವ್ ಪರದೆ ಒತ್ತಡವನ್ನು ಮಾತ್ರ ನೋಡುತ್ತದೆ. ದಪ್ಪ ಕೈಗವಸು, ಪೆನ್ಸಿಲ್ ತುದಿ, ಒದ್ದೆ ಬೆರಳು ಯಾವುದಾದರೂ ನಡೆಯುತ್ತದೆ. ನನ್ನ ಲೇತ್‌ಗೆ 5 ತಂತಿಯ ರೆಸಿಸ್ಟಿವ್ ಪರದೆಯನ್ನು ಹಾಕಿದ್ದೇನೆ. 4 ತಂತಿಯದರಲ್ಲಿ ಮೇಲಿನ ಪದರ ಸವೆದಂತೆ ಅಳತೆ ವಾಲುತ್ತದೆ, ಆದರೆ 5 ತಂತಿಯದರಲ್ಲಿ ಅಳತೆಯ ವೋಲ್ಟೇಜ್ ಇರುವುದು ಕೆಳಗಿನ ಗಾಜಿನ ಮೇಲೆ, ಮೇಲಿನ ಪದರ ಅದನ್ನು ಓದುವುದಕ್ಕಷ್ಟೇ. ನನ್ನದು ಇಂದಿಗೂ ಹೊಸದರಂತೆಯೇ ಇದೆ.

ಗಾಜುಬೆರಳು:
ಒದ್ದೆ ಬೆರಳಿನ ಮಾತನ್ನು ಒಪ್ಪುತ್ತೇನೆ, ಉಳಿದದ್ದನ್ನಲ್ಲ. ಚೂಪಾದ ಲೋಹದ ಚೂರು ತಗುಲಿದರೆ ಆ ಪ್ಲಾಸ್ಟಿಕ್ ಪದರಕ್ಕೆ ಗೀರು ಬೀಳುತ್ತದೆ. ಪದರಗಳ ನಡುವಿನ ಗಾಳಿಯ ಸಂದಿನಿಂದಾಗಿ ಚಿತ್ರವೂ ಮಂಕಾಗುತ್ತದೆ. ತೆಳುವಾದ ಕೈಗವಸಾದರೆ ಸೂಕ್ಷ್ಮತೆ ಹೆಚ್ಚಿಸಿದ ಕೆಪಾಸಿಟಿವ್ ಪರದೆಯೂ ಸ್ಪಂದಿಸುತ್ತದೆ.

ಹಳೇಪರದೆ:
ಸೂಕ್ಷ್ಮತೆ ಹೆಚ್ಚಿಸಿದರೆ ನೀರಹನಿಯನ್ನೂ ಬೆರಳೆಂದು ತಿಳಿಯುತ್ತದೆ.

ಮೌನತಂತಿ:
ಮರಗೆತ್ತನೆಯವರೇ, ಎರಡು ವಿಷಯ ತಿಳಿಸಿ. ಸುಳ್ಳು ಸ್ಪರ್ಶ ಯಾವಾಗಲೂ ಬೆರಳಿರುವ ಸಾಲಿನಲ್ಲಿಯೇ ಬರುತ್ತದೆಯೇ? ವಿದ್ಯುತ್ ಎಲ್ಲಿಂದ ಕೊಡುತ್ತಿದ್ದೀರಿ? ಸಾಧ್ಯವಾದರೆ ಯಂತ್ರದ ಎಲ್ಲ ತಂತಿಗಳನ್ನೂ ಬಿಡಿಸಿ, ಫಲಕವನ್ನು ಮಾತ್ರ ಪವರ್ ಬ್ಯಾಂಕ್‌ನಿಂದ ನಡೆಸಿ ನೋಡಿ.

ಮರಗೆತ್ತನೆ:
ಹೌದು, ಅದೇ ಸಾಲಿನಲ್ಲಿ. ಎರಡು ಪಿನ್ನಿನ ಅಡಾಪ್ಟರ್‌ನಿಂದ ನಡೆಸುತ್ತಿದ್ದೆ. ಪವರ್ ಬ್ಯಾಂಕ್‌ನಲ್ಲಿ ಒಂದೇ ಒಂದು ಸುಳ್ಳು ಸ್ಪರ್ಶವೂ ಬರಲಿಲ್ಲ!

ಮೌನತಂತಿ:
ಹಾಗಾದರೆ ಇದು ಕಾಮನ್ ಮೋಡ್ ನಾಯ್ಸ್ (ಎಲ್ಲ ತಂತಿಗಳಲ್ಲೂ ಒಟ್ಟಿಗೇ ಬರುವ ವಿದ್ಯುತ್ ಗದ್ದಲ). ಅಡಾಪ್ಟರ್‌ನೊಳಗಿನ ಸ್ವಿಚಿಂಗ್ ನಾಯ್ಸ್ ಟ್ರಾನ್ಸ್‌ಫಾರ್ಮರ್ ಮತ್ತು ವೈ ಕೆಪಾಸಿಟರ್‌ಗಳ (ಅಡಾಪ್ಟರ್‌ನ ಮೇನ್ಸ್ ಬದಿಗೂ ಔಟ್‌ಪುಟ್ ಬದಿಗೂ ನಡುವೆ ಹಾಕಿರುವವು) ಮೂಲಕ ಈಚೆಗೆ ಬಂದು ಇಡೀ ಸರ್ಕ್ಯೂಟ್‌ನ ಗ್ರೌಂಡನ್ನೇ (ಸೊನ್ನೆ ವೋಲ್ಟ್‌ನ ನೆಲೆಯನ್ನೇ) ಭೂಮಿಗೆ ಹೋಲಿಸಿದರೆ ಏರಿಳಿಸುತ್ತಿರುತ್ತದೆ. ಯಾರೂ ಮುಟ್ಟದಿದ್ದಾಗ ಪರದೆಯೂ ಚಿಪ್ಪೂ ಒಟ್ಟಿಗೇ ಏರಿಳಿಯುವುದರಿಂದ ಚಿಪ್ಪಿಗೆ ಅದು ಕಾಣುವುದಿಲ್ಲ. ಬೆರಳು ತಾಗಿದೊಡನೆ, ನಮ್ಮ ಮೈ ಭೂಮಿಯೊಂದಿಗೆ ಬೆಸೆದುಕೊಂಡಿರುವ ಕಾರಣ, ಆ ಬೆರಳಿನ ಕೆಳಗಿನ ಸಂವೇದನಾ ಗೆರೆಗೆ ಮಾತ್ರ ನಾಯ್ಸ್ ನುಗ್ಗುತ್ತದೆ. ಚಿಪ್ ಆ ಗೆರೆಯುದ್ದಕ್ಕೂ ಬೇರೆ ಕಡೆಯೂ ಬೆರಳಿದೆಯೆಂದು ಓದುತ್ತದೆ. ರೆಸಿಸ್ಟಿವ್ ಪರದೆಯಲ್ಲಿ ಎರಡು ಪದರಗಳು ನೇರವಾಗಿ ತಾಗಿದಾಗ ವೋಲ್ಟೇಜ್ ಹಂಚಿಕೆಯನ್ನು ಅಳೆಯುವುದರಿಂದ ನಿಮ್ಮ ಹಳೆಯದಕ್ಕೆ ಇದರ ಬಾಧೆ ತಟ್ಟಿರಲಿಲ್ಲ.

ಮೂರು ಪಿನ್ನಿನ, ಡಿಸಿ ನೆಗೆಟಿವ್ ಅನ್ನು ಅರ್ತ್‌ಗೆ ಜೋಡಿಸಿದ ಪವರ್ ಸಪ್ಲೈ ಹಾಕಿ. ಫಲಕದ ಲೋಹದ ಚೌಕಟ್ಟನ್ನೂ ಅರ್ತ್‌ಗೆ ಸೇರಿಸಿ. ಇನ್ನೊಂದು ಮಾತು: ತುರ್ತು ನಿಲುಗಡೆಯನ್ನು ಯಾವ ಬಗೆಯ ಟಚ್ ಪರದೆಗೂ ಬಿಡಬೇಡಿ, ಅದಕ್ಕೆ ನಿಜವಾದ ಗುಂಡಿಯೇ ಇರಲಿ.

ಬೆಸುಗೆಗೋಲು:
ಅಕ್ಷಗಳನ್ನು ಬದಲಿಸಿ ನೋಡಿದಿರಾ?

ಮರಗೆತ್ತನೆ:
ನೋಡಿದೆ, ವ್ಯತ್ಯಾಸವಾಗಲಿಲ್ಲ. ಅರ್ತ್ ಇರುವ ಸಪ್ಲೈ ಹಾಕಿದ ಮೇಲೆ ಸ್ಪಿಂಡಲ್ ನಿಂತಿರುವಾಗ ಎಲ್ಲವೂ ಸರಿಯಾಗಿದೆ. ಅದು ತಿರುಗುವಾಗ ಮಾತ್ರ ಆಗೊಮ್ಮೆ ಈಗೊಮ್ಮೆ ಬರುತ್ತಿದೆ. ವಿಎಫ್‌ಡಿಯ (ಸ್ಪಿಂಡಲ್ ಮೋಟರ್‌ನ ವೇಗ ನಿಯಂತ್ರಿಸುವ ಸಾಧನದ) ಮೋಟರ್ ಕೇಬಲ್ ಪರದೆಯ ಐ2ಸಿ (ಸ್ಪರ್ಶದ ಮಾಹಿತಿ ಸಾಗಿಸುವ) ತಂತಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಮೋಟರ್‌ಗೆ ಶೀಲ್ಡ್ (ತಂತಿಗಳ ಸುತ್ತ ಲೋಹದ ಹೊದಿಕೆ) ಇರುವ ಕೇಬಲ್ ಹಾಕಿದರೆ ಶೀಲ್ಡನ್ನು ಎರಡೂ ತುದಿಯಲ್ಲಿ ಅರ್ತ್‌ಗೆ ಜೋಡಿಸಬೇಕೇ?

ಬೆಸುಗೆಗೋಲು:
ಒಂದೇ ತುದಿಗೆ. ಎರಡೂ ಕಡೆ ಜೋಡಿಸಿದರೆ ಗ್ರೌಂಡ್ ಲೂಪ್ (ಅರ್ತ್ ತಂತಿಗಳಲ್ಲೇ ಕರೆಂಟ್ ಸುತ್ತುವ ಬಳಸುದಾರಿ) ಆಗುತ್ತದೆ.

ಮೌನತಂತಿ:
ಮೋಟರ್ ಕೇಬಲ್‌ಗೆ ಎರಡೂ ತುದಿಗೆ ಜೋಡಿಸಬೇಕು. ಅಲ್ಲಿರುವುದು ಹೆಚ್ಚಿನ ಆವರ್ತನದ ನಾಯ್ಸ್. ಮೊದಲು ಐ2ಸಿ ತಂತಿಯನ್ನು ಅದರಿಂದ ದೂರ ಸರಿಸಿ ಫಲಿತಾಂಶ ತಿಳಿಸಿ.