ಅಪ್‌ಡೇಟ್: ಅಪ್ಪನ ಪುಸ್ತಕಗಳು ಈಗ ಓಣಿಯ ಮಕ್ಕಳ ಕೈಯಲ್ಲಿ
ವಿಜಯಪುರದ ನಮ್ಮ ಮನೆಯಲ್ಲಿರುವ ಅಪ್ಪನ ಪುಸ್ತಕಗಳನ್ನು ಓಣಿಯ ಮಕ್ಕಳಿಗೆ ಓದಲು ಕೊಡಬೇಕು, ಆದರೆ ಕಳೆದುಹೋಗಬಾರದು, ಏನು ಮಾಡಲಿ ಅಂತ ಕೇಳಿದ್ದೆನಲ್ಲ. ಡಿಪಾಸಿಟ್ ಇಡಿಸಿಕೊಳ್ಳುವ ಸಲಹೆ ನಡೆಯಲಿಲ್ಲ. 20 ರೂಪಾಯಿ ಅಂದ ಕೂಡಲೇ ಹುಡುಗರು ಮಾಯ! ಕೆಲಸಕ್ಕೆ ಬಂದದ್ದು ಇಲ್ಲಿ ಒಬ್ಬ ಅಕ್ಕ ಹೇಳಿದ ಉಪಾಯ: ಲೆಕ್ಕದ ವಹಿಯನ್ನು ಮಕ್ಕಳ ಕೈಗೇ ಕೊಡಿ ಅಂತ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದಿಡುತ್ತಾಳೆ. ಯಾರಾದರೂ ತಡ ಮಾಡಿದರೆ ಮನೆಗೇ ಹೋಗಿ ಕೇಳುತ್ತಾಳೆ. ನನಗಿಂತ ಜಾಸ್ತಿ ಕಟ್ಟುನಿಟ್ಟು, ಮಾರಾಯ್ರೇ.

ಇನ್ನೊಂದು ವಿಷಯ. ಕಪಾಟಿನ ತಳದಲ್ಲಿ, ಶರಣರ ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರ 'ಶಿವಾನುಭವ' ಪತ್ರಿಕೆಯ ಹಳೆ ಸಂಚಿಕೆಗಳು ಸಿಕ್ಕವು. 1926ರಲ್ಲಿ ಅವರು ಶುರು ಮಾಡಿದ ಪತ್ರಿಕೆ ಅದು. ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ. ಅವನ್ನು ಮಾತ್ರ ಹೊರಗೆ ಕೊಡುತ್ತಿಲ್ಲ, ಇಲ್ಲೇ ಕುಳಿತು ನೋಡಬಹುದು.