ಥೈರಾಯ್ಡ್ ಗ್ರಂಥಿ ತೆಗೆಸುವ ಮೊದಲು ಟಿಎಸ್‌ಎಚ್ ನೋಡಿ

ದೊಡ್ಡಪ್ಪ (ಮಾಟುಂಗಾ): [ಫಾರ್ವರ್ಡ್] ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಹೆಚ್ಚಿದ್ದರೆ ತಡಮಾಡದೆ ಗ್ರಂಥಿಯನ್ನು ತೆಗೆಸಿಬಿಡಿ. ಈ ಕಾಯಿಲೆ ತಾಯಿಯ ಕಡೆಯಿಂದಲೇ ಬರುತ್ತದೆ. ಎಲ್ಲರಿಗೂ ಕಳುಹಿಸಿ.

ದೊಡ್ಡಪ್ಪ: ಆನಂದನ ಆಪರೇಷನ್ನಿಗೆ ದಿನ ನಿಗದಿಯಾಗಿರುವುದರಿಂದ ಕಳುಹಿಸಿದ್ದೇನೆ. ನಮ್ಮ ಮನೆತನದಲ್ಲಿ ಇಂಥದ್ದು ಯಾರಿಗೂ ಇರಲಿಲ್ಲ. ಹೊತ್ತು ಹೊತ್ತಿಗೆ ಊಟ, ನಿದ್ದೆ ಇರಬೇಕು.

ಸುಧೀರ (ಥಾಣೆ): ದೊಡ್ಡಪ್ಪ, ಇದನ್ನು ಬರೆದವರು ಯಾರು? ಆಧಾರ ಕೊಡಿ. ಕಳೆದ ಸಲದ ಫಾರ್ವರ್ಡಿಗೂ ನೀವು ಆಧಾರ ಕೊಟ್ಟಿಲ್ಲ.

ಶಾಲಿನಿ ಚಿಕ್ಕಮ್ಮ (ಡೊಂಬಿವಲಿ): ಭಾವ, ನನ್ನ ಮಗ ಆನಂದನ ಗಂಟಲು ಊದಿ ಎದೆಬಡಿತ ಹೆಚ್ಚಿದಾಗ ‘ಇದು ನಿನ್ನ ತವರಿನಿಂದ ಬಂದದ್ದು’ ಎಂದು ಗೃಹಪ್ರವೇಶದ ದಿನ ಎಲ್ಲರೆದುರು ಅಂದವರು ನೀವೇ. ಅದನ್ನು ನಾನು ಮರೆತಿಲ್ಲ.

ದಿನೇಶ (ಪುಣೆ): ಅಜ್ಜಿಯ ಗಂಟಲೂ ಹಾಗೇ ಇತ್ತಲ್ಲವೇ? ದಾದರಿನ ಚಾಳಿನ ಕಟ್ಟೆಯಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಾಗ ಯಾರಾದರೂ ಬಂದರೆ ಸೆರಗನ್ನು ಗದ್ದದವರೆಗೆ ಎಳೆದುಕೊಳ್ಳುತ್ತಿದ್ದರು. ಎಂಥ ದಿನಗಳು!

ದೊಡ್ಡಪ್ಪ: ತೀರಿಕೊಂಡವರನ್ನು ಎಳೆಯಬೇಡ.

ವೀಣಾ (ಪುಣೆ): ದಿನೇಶ ಹೇಳಿದ್ದು ಮುಖ್ಯ, ದೊಡ್ಡಪ್ಪ. ಅಷ್ಟರಿಂದಲೇ ಅಜ್ಜಿಗೆ ಇದೇ ಇತ್ತೆಂದು ಹೇಳಲಾಗದು, ಆದರೆ ವೈದ್ಯರಿಗೆ ತಿಳಿಸಬೇಕಾದ ವಿಷಯ ಅದು. ನಾನು ಲ್ಯಾಬಿನಲ್ಲಿ ದಿನವೂ ಇಂಥ ವರದಿಗಳನ್ನು ನೋಡುತ್ತೇನೆ. ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಏರಿದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡನ್ನು ಪ್ರಚೋದಿಸುವ ತನ್ನ ಹಾರ್ಮೋನಾದ ಟಿಎಸ್‌ಎಚ್ ಅನ್ನು ತಗ್ಗಿಸಬೇಕು. ಆನಂದನ ವರದಿಯಲ್ಲಿ ಅವೆರಡೂ ಏರಿದ್ದರೂ ಟಿಎಸ್‌ಎಚ್ ಮಾಮೂಲಿನಷ್ಟೇ ಇದೆ. ಥೈರಾಯ್ಡ್ ಹಾರ್ಮೋನಿಗೆ ದೇಹ ಹುಟ್ಟಿನಿಂದಲೇ ಸರಿಯಾಗಿ ಓಗೊಡದಿದ್ದರೆ ಹೀಗಾಗುತ್ತದೆ, ಇದಕ್ಕೆ ಥೈರಾಯ್ಡ್ ಹಾರ್ಮೋನ್ ಪ್ರತಿರೋಧ ಎನ್ನುತ್ತಾರೆ. ಸ್ಯಾಮ್ಯುಯೆಲ್ ರೆಫೆಟಾಫ್ ಮತ್ತು ಸಂಗಡಿಗರು 1967ರಲ್ಲಿ ಇದನ್ನು ಮೊದಲು ವರ್ಣಿಸಿದರು. ಅವರು ಕಂಡ ಮಕ್ಕಳಲ್ಲಿ ಇದಕ್ಕೆ ಕಾರಣವಾದ ಜೀನಿನ ಎರಡೂ ಪ್ರತಿಗಳು ಇಲ್ಲವಾಗಿದ್ದವು, ಅದು ತೀರಾ ವಿರಳ. ಸಾಮಾನ್ಯವಾಗಿ ಮೂರನೆಯ ವರ್ಣತಂತುವಿನಲ್ಲಿರುವ ಟಿಎಚ್‌ಆರ್‌ಬಿ ಜೀನಿನ ಒಂದೇ ಪ್ರತಿ ಕೆಟ್ಟಿರುತ್ತದೆ, ಅಷ್ಟೇ ಸಾಕು. ಏಕೆಂದರೆ ಅದರಿಂದ ತಯಾರಾದ ಗ್ರಾಹಕವು (ಜೀವಕೋಶದಲ್ಲಿ ಹಾರ್ಮೋನನ್ನು ಹಿಡಿಯುವ ಪ್ರೋಟೀನ್, ರಿಸೆಪ್ಟರ್) ಹಾರ್ಮೋನನ್ನು ಸರಿಯಾಗಿ ಹಿಡಿಯದಿದ್ದರೂ ಡಿಎನ್‌ಎ ಮೇಲೆ ಜಾಗ ಹಿಡಿದು ಕುಳಿತು ಒಳ್ಳೆಯ ಗ್ರಾಹಕದ ಕೆಲಸಕ್ಕೂ ಅಡ್ಡಬರುತ್ತದೆ. ಹೃದಯದಲ್ಲಿ ಮುಖ್ಯವಾಗಿರುವುದು ಬೇರೆ ಜೀನಿನ ಆಲ್ಫಾ ಗ್ರಾಹಕ. ಅದು ಸರಿಯಾಗಿರುವುದರಿಂದ ಹೆಚ್ಚಿದ ಹಾರ್ಮೋನಿಗೆ ಎದೆಬಡಿತ ಏರುತ್ತದೆ.

ಸುಧೀರ: ಪಿಟ್ಯುಟರಿಯಲ್ಲಿ ಗಡ್ಡೆಯಿದ್ದರೂ ವರದಿ ಹೀಗೇ ಬರಬಹುದಲ್ಲ?

ವೀಣಾ: ಬರಬಹುದು. ಪರೀಕ್ಷಾ ವಿಧಾನದ ದೋಷದಿಂದಲೂ ಬರಬಹುದು. ಆದ್ದರಿಂದ ಬೇರೆ ವಿಧಾನದಲ್ಲಿ ಮರುಪರೀಕ್ಷೆ, ಎಂಆರ್‌ಐ, ಜೀನ್ ಪರೀಕ್ಷೆ ಆಗಲೇಬೇಕು. ಪ್ರತಿರೋಧವೇ ಆಗಿದ್ದರೆ ದೋಷ ಇರುವುದು ಗ್ರಂಥಿಯಲ್ಲಲ್ಲ. ಅದನ್ನು ತೆಗೆಸಿದರೆ ಜೀವನಪೂರ್ತಿ ಮಾತ್ರೆ ನುಂಗಬೇಕು, ಅದೂ ಮಾಮೂಲಿಗಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ. ಸುಮಾರು 40,000 ಜನನಗಳಿಗೆ ಒಂದು ಎನ್ನುವಷ್ಟು ಅಪರೂಪವಾದ್ದರಿಂದ ಇದನ್ನು ಹೈಪರ್‌ಥೈರಾಯ್ಡಿಸಮ್ (ಗ್ರಂಥಿಯೇ ಅತಿಯಾಗಿ ಕೆಲಸ ಮಾಡುವ ಕಾಯಿಲೆ) ಎಂದೇ ತಿಳಿದು ಗ್ರಂಥಿ ತೆಗೆದದ್ದುಂಟು. ತಂದೆಯಾಗಲಿ ತಾಯಿಯಾಗಲಿ, ಯಾರಲ್ಲಿ ಈ ಮ್ಯುಟೇಶನ್ (ಜೀನಿನ ದೋಷ) ಇದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಶೇ. 50, ಕೆಲವೊಮ್ಮೆ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲಿ ಹೊಸದಾಗಿ ಹುಟ್ಟುವುದೂ ಉಂಟು.

ಶಾಲಿನಿ ಚಿಕ್ಕಮ್ಮ: ಆಪರೇಷನ್ ಮುಂದೂಡಲು ಇವತ್ತೇ ಫೋನ್ ಮಾಡುತ್ತೇನೆ. ಆನಂದನ ಜೊತೆ ನಾವಿಬ್ಬರೂ ರಕ್ತ ಕೊಡುತ್ತೇವೆ. ಭಾವ, ನೀವು?

ದೊಡ್ಡಪ್ಪ: ಗೃಹಪ್ರವೇಶದ ದಿನ ಆ ಮಾತು ಎಲ್ಲರೂ ಆಡಿದ್ದರು, ನನ್ನೊಬ್ಬನ ಹೆಸರು ಹೇಳಬೇಡ. ವೀಣಾ, ರಕ್ತ ಕೊಡಲು ಉಪವಾಸ ಇರಬೇಕೇ?

ವೀಣಾ: ಬೇಡ ದೊಡ್ಡಪ್ಪ. ಮೊದಲು ಆನಂದನ ಜೀನ್ ವರದಿ ಬರಲಿ.